ಉಪ್ಪಿನ ಗುಂಡಿ

ಐಮಂಗಲದ ವೈರ್‌ಮನ್ ಪರಮೇಶ ಸುತ್ತಮುತ್ತಲ ಹಳ್ಳಿಗಳಲ್ಲಿ ಎಷ್ಟೋ ಹಳೇ ಮನೆಗಳ ವೈರು ಕಿತ್ತು ಹೊಸದು ಎಳೆದವನು. ಆದರೆ ಸ್ವಂತ ತಂಗಿ ಅಂಜಲಿಯ ಮನೆಯ ಒಂದೇ ಒಂದು ಗೋಡೆಗೆ ಉಳಿ ಇಡೋಕೆ ಅವನ ಕೈಲಿ ಆಗಲಿಲ್ಲ ನೋಡಿ! ಅವಳನ್ನು ಕೊಟ್ಟಿದ್ದು ಯಲ್ಲದಕೆರೆಗೆ. ಮಾವ ಕರಿಸಿದ್ದಪ್ಪನಿಗೆ ನಲವತ್ತು ಕುರಿ, ತಾತನ ಕಾಲದ ಮಣ್ಣಿನ ಗೋಡೆಯ ಮನೆ. ಊರಿಗೆ ಕರೆಂಟು ಬಂದ ಹೊಸದರಲ್ಲಿ ಎಳೆದ ವೈರೇ ಇವತ್ತಿಗೂ ಅಲ್ಲಿರೋದು.

ಅಂಜಲಿ, ಅವಳ ಅತ್ತೆ ಬರಗೇರಮ್ಮ ಇಬ್ಬರೂ ಇಡ್ಲಿ ಮಾಡಿ ಬಸ್‌ಸ್ಟಾಂಡಿನ ಹತ್ತಿರ ಮಾರುತ್ತಾರೆ. ದಿನಾ ಸಂಜೆ ನಾಲ್ಕಕ್ಕೆ ಹಿಟ್ಟು ರುಬ್ಬಲೇಬೇಕು. "ಅಣ್ಣ, ಗ್ರೈಂಡರ್ ಮುಟ್ಟಿದ್ರೆ ಜುಂ ಅಂತೈತೆ" ಅಂತ ಅವಳು ಫೋನು ಮಾಡಿದಾಗ ಪರಮೇಶ ಕೈಲಿದ್ದ ಕೆಲಸ ಬಿಟ್ಟು ಓಡಿದ. ಟೆಸ್ಟರ್ ಇಟ್ಟು ನೋಡಿದರೆ ಗೋಡೆಯೊಳಗಿನ ವೈರು ಸಿಪ್ಪೆ ಬಿಟ್ಟುಕೊಂಡು ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆಗೆ ತಾಗಿತ್ತು. ಅಲ್ಲಿಂದ ಕರೆಂಟು ಸೀದಾ ಗ್ರೈಂಡರಿಗೆ.

"ಮಾವ, ಈ ಗೋಡೆ ಒಡೆದು ಹೊಸ ವೈರು ಎಳೀಲೇಬೇಕು. ಕರೆಂಟು ಸೋರಿದ ಕೂಡ್ಲೇ ತಾನೇ ಟ್ರಿಪ್ ಆಗಿ ಆಫ್ ಆಗೋ ಸ್ವಿಚ್ಚು ಮೈನಿನಲ್ಲಿ ಹಾಕ್ಬೇಕು. ನಾನೇ ಮಾಡ್ಕೊಡ್ತೀನಿ, ನೀವು ಏನೂ ಕೊಡಬ್ಯಾಡ್ರಿ" ಅಂದ.

ಕರಿಸಿದ್ದಪ್ಪ ಒಪ್ಪಲಿಲ್ಲ. ಆ ಗೋಡೆಯ ಗೂಡಿನಲ್ಲಿ ಮನೆದೇವರ ಪೆಟ್ಟಿಗೆ ಕೂತಿತ್ತು. "ಸುಣ್ಣ ಬಳಿಯೋದು ಬಿಟ್ರೆ ನಮ್ಮಪ್ಪನೂ ಆ ಗೋಡೆಗೆ ಮೊಳೆ ಹೊಡೆದೋನಲ್ಲ ಕಣಪ್ಪ. ಬೇರೆ ಏನಾರ ಇದ್ರೆ ಮಾಡು."

ಬೇರೆ ಏನಿತ್ತು? ಸೋರಿದ ಕರೆಂಟನ್ನು ನೆಲಕ್ಕಿಳಿಸೋ ಅರ್ಥಿಂಗ್ ಒಂದಿತ್ತು. ಏನೂ ಇಲ್ಲದ್ದಕ್ಕಿಂತ ಅದಾದರೂ ಇರಲಿ ಅಂತ ಪರಮೇಶ ಅಂಗಳದ ಮೂಲೆಯಲ್ಲಿ ಆಳುದ್ದ ಗುಂಡಿ ತೋಡಿ, ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ, ಸ್ವಿಚ್ಚಿನ ಪೆಟ್ಟಿಗೆಯಿಂದ ಅಲ್ಲಿಗೆ ತಂತಿ ಎಳೆದ. ಕರೆಂಟು ಜಾಸ್ತಿ ಸೋರಿದರೆ ಸುಟ್ಟು ಲೈನು ಕಡಿಯಲಿ ಅಂತ ಫ್ಯೂಸಿಗೆ ಸಣ್ಣ ತಂತಿ ಕಟ್ಟಿದ. "ಅಮ್ಮ, ಗುಂಡಿ ಒಣಗಬಾರದು, ದಿನಾ ಒಂದು ಕೊಡ ನೀರು ಹಾಕ್ರಿ" ಅಂದ. ಬರಗೇರಮ್ಮ ಪಾಪ, ತುಳಸಿಗೆ ಹಾಕುವಷ್ಟೇ ಶ್ರದ್ಧೆಯಿಂದ ಹಾಕಿದಳು. ಗುಂಡಿಯ ಮೇಲೆ ಚಪ್ಪಡಿ ಮುಚ್ಚಬೇಕಿತ್ತು. ಮುಂದಿನ ಸಲ ಬಂದಾಗ ತರ್ತೀನಿ ಅಂತ ಪರಮೇಶ ಹೊರಟುಹೋದ. ಕುರಿ ಕಾಯೋರ ಮನೆಯಲ್ಲೇ ಹುಟ್ಟಿದ ಮನುಷ್ಯ, ಕುರಿಗೆ ಉಪ್ಪು ಅಂದ್ರೆ ಪ್ರಾಣ ಅನ್ನೋದು ಅವತ್ತು ಅವನ ತಲೆಗೇ ಬರಲಿಲ್ಲವಲ್ಲ!

ಯುಗಾದಿ ಕಳೆದು ಒಂದು ಮಳೆ ಬಿತ್ತು. ಗೋಡೆ ತೇವ ಹಿಡಿಯಿತು, ಫ್ಯೂಸು ಹಾರಿತು. ಹಾರಬೇಕಾದ್ದೇ ಅದು, ಅಪಾಯ ಐತೆ ಅಂತ ಹೇಳೋಕೇ ಅದನ್ನು ಕಟ್ಟಿದ್ದು. ಕರಿಸಿದ್ದಪ್ಪ ಇನ್ನೊಂದು ಸಣ್ಣ ತಂತಿ ಕಟ್ಟಿದ, ಅದೂ ಹಾರಿತು. ಮೂರನೇ ಸಲಕ್ಕೆ ರೇಗಿಹೋಗಿ, ಹಳೇ ಮೋಟರಿನ ದಪ್ಪ ತಾಮ್ರದ ತಂತಿಯನ್ನು ಎರಡೆಳೆ ಮಾಡಿ ಬಿಗಿದ. "ಈಗ ಹಾರು ನೋಡಾಣ" ಅಂದ. ಹಾರಲಿಲ್ಲ. ಗೋಡೆಯ ಕರೆಂಟೆಲ್ಲ ತಣ್ಣಗೆ ಗುಂಡಿಗೆ ಇಳಿಯುತ್ತಲೇ ಇತ್ತು.

ಮಾರನೇ ದಿನ ಮಧ್ಯಾಹ್ನ ಹಟ್ಟಿಯಿಂದ ಬಿಟ್ಟ ಕುರಿಗಳು ಉಪ್ಪಿನ ವಾಸನೆ ಹಿಡಿದು ಒದ್ದೆ ಗುಂಡಿಗೆ ಬಾಯಿ ಹಾಕಿದವು. ಮೂರು ಅಲ್ಲೇ ಬಿದ್ದವು. ಅದರಲ್ಲಿ ಒಂದು ತುಂಬು ಗಬ್ಬದ್ದು.

ಸುದ್ದಿ ಕೇಳಿ ಪರಮೇಶ ಬರುವಷ್ಟರಲ್ಲಿ ಅರ್ಧ ಊರೇ ಅಂಗಳದಲ್ಲಿತ್ತು. ಕರಿಸಿದ್ದಪ್ಪ ಗಬ್ಬದ ಕುರಿಯ ಪಕ್ಕ ಕೂತಿದ್ದವನು ತಲೆ ಎತ್ತಿದ. "ಬಂದ್ಯೇನಪ್ಪ? ಊರಿಗೆ ಕರೆಂಟು ಬಂದಾಗಿಂದ ಈ ಮನೇಲಿ ಅದಕ್ಕೆ ಒಂದು ಕೋಳಿಮರಿನೂ ಸತ್ತಿರ್ಲಿಲ್ಲ. ನೀನು ಗುಂಡಿ ತೋಡ್ದೆ, ಮೂರು ಹೋದ್ವು."

"ಮಾವ, ಆ ಗುಂಡಿ ಇರ್ಲಿಲ್ಲ ಅಂದಿದ್ರೆ..." ಪರಮೇಶ ಕೈ ಮುಗಿದ. "ಅದು ಅಂಜಲಿ ಮೈಗೆ ಹೋಗ್ತಿತ್ತು ಮಾವ. ನೀವು ಫ್ಯೂಸಿಗೆ ದಪ್ಪ ತಂತಿ ಕಟ್ಟಿದ್ದು ತಪ್ಪಾಯ್ತು. ಚಪ್ಪಡಿ ಮುಚ್ದೇ ಹೋಗಿದ್ದು ನನ್ನ ತಪ್ಪು. ಕಾಲಿಗೆ ಬೀಳ್ತೀನಿ, ಈಗ್ಲಾದ್ರೂ ಗೋಡೆ ಒಡಿಯಾಣ."

"ಗೋಡೆ ಒಡಿಯಾಣ ಅಂದಿದ್ದಕ್ಕೇ ದೇವ್ರು ಮೂರು ತಗಂಡ" ಅಂದ ಮುದುಕ. ಎದ್ದು ಹೋಗಿ ಅರ್ಥಿಂಗಿನ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯೋಕೆ ಹೊರಟ. "ಮೈನು! ಮೈನು ಆಫ್ ಮಾಡ್ರಿ!" ಅಂತ ಪರಮೇಶ ಕೂಗಿ ತಾನೇ ಓಡಿ ಆಫ್ ಮಾಡಿದ. ಮುದುಕ ತಂತಿ ಕಿತ್ತು ಎಸೆದ. ಕರ್ಮ ನೋಡಿ, ಆ ತಂತಿ ಕ್ಷೇಮವಾಗಿ ಕಿತ್ತು ಬರೋ ಹಂಗೆ ಮಾಡಿದವನೂ ಅವನೇ. "ಇನ್ನು ನೀನಾಗ್ಲಿ ನಿನ್ನ ಸಾಮಾನಾಗ್ಲಿ ಈ ಹೊಸ್ತಿಲು ದಾಟಬಾರದು" ಅಂದ ಕರಿಸಿದ್ದಪ್ಪ. ಅಂಜಲಿಯ ಗಂಡ ಚೇತನ್‌ಕುಮಾರ್ ಅಪ್ಪನ ಮುಂದೆ ತುಟಿ ಬಿಚ್ಚದವನು. ಅವನು ಕುರಿ ಹೂಳೋಕೆ ಗುದ್ದಲಿ ಹುಡುಕಲು ಹೋದ.

ಪರಮೇಶ ಕರೆಂಟು ಆಫೀಸಿಗೂ ಹೋದ. ಕಂಬದಲ್ಲೇ ಲೈನು ತೆಗೀರಿ ಅಂತ ಬೇಡಿಕೊಂಡ. ಮನೆ ಯಜಮಾನ ಬರೆದುಕೊಡದೆ ಒಳಗಿನ ವೈರಿಂಗಿಗೆ ನಾವು ಕೈ ಹಾಕಂಗಿಲ್ಲ ಅಂದರು. ಅವರು ಹೇಳಿದ್ದೂ ಸರಿಯೇ. ಯಾರ ಮೇಲೆ ಸಿಟ್ಟು ಮಾಡೋದು? ಮಳೆಗಾಲ ಬೇರೆ ಮುಂದಿತ್ತು. ಅವನಿಗೆ ಅನ್ನ ಸೇರದಾಯಿತು.

ಮೂರನೇ ದಿನ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ತಂಗಿಗೆ ಫೋನು ಮಾಡಿದ. "ಅಂಜು, ಇವತ್ತು ರುಬ್ಬಬ್ಯಾಡವ್ವ."

"ಬೆಳಗಿನ ಇಡ್ಲಿಗೆ ಏನು ಮಾಡ್ಲಣ್ಣ? ಸತ್ತ ಕುರಿ ಮೂರೂ ನನ್ನ ತಲೆ ಮೇಲೆ ಅವೆ. ಒಲ್ಲೆ ಅಂದ್ರೆ ನಿನ್ನೇ ಬೈತಾರೆ."

"ಹಂಗಾದ್ರೆ ರಬ್ಬರ್ ಚಪ್ಪಲಿ ಹಾಕ್ಕಂಡು ನಿಂತ್ಕ."

"ದೇವರ ಪೆಟ್ಟಿಗೆ ಮುಂದೆ ಚಪ್ಪಲೀನಾ?" ಅವಳು ಗಾಬರಿಯಾದಳು.

"ಮಣೆ ಮೇಲಾದ್ರೂ ನಿಂತ್ಕಳೇ!"

"ನಿನ್ನೆ ನಿಂತಿದ್ದೆ ಕಣಣ್ಣ. ನಿಮ್ಮಣ್ಣನ ಬುದ್ಧಿ ಇನ್ನೂ ಬಿಟ್ಟಿಲ್ವಾ ಅಂತ ಅತ್ತೆ ಕಾಲಡಿಯಿಂದ ಎಳೆದುಬಿಟ್ರು."

ಒಳಗಿಂದ ಬರಗೇರಮ್ಮನ ಕೂಗು ಕೇಳಿತು. "ಅಂಜಲೀ, ಅಕ್ಕಿ ನೆಂದೈತೆ, ಬಾ!"

"ಫೋನು ಇಡಬ್ಯಾಡ, ಹಂಗೇ ಪಕ್ಕದಲ್ಲಿಟ್ಟು ಸ್ವಿಚ್ಚು ಹಾಕು" ಅಂದ ಪರಮೇಶ. ಫೋನು ಗೂಡಿನ ಮೇಲೆ ಕೂತ ಸದ್ದಾಯಿತು, ನೀರು ಸುರಿದ ಸದ್ದಾಯಿತು. ಆಮೇಲೆ ಗ್ರೈಂಡರು ಗರಗರ ಅಂತ ತಿರುಗತೊಡಗಿತು. ಅವಳ ದನಿ ಇಲ್ಲ. ಅವನು ಹೆದ್ದಾರಿ ಪಕ್ಕದ ಅಂಗಡಿ ಮುಂದೆ ಕಿವಿಗೆ ಫೋನು ಒತ್ತಿ ಹಿಡಿದು, "ಅಂಜೂ, ಅಂಜೂ" ಅಂತ ಕೂಗಿದ. ಹೋಗೋ ಬರೋ ಜನ ತಿರುಗಿ ನೋಡಿದರು.

ಎಷ್ಟೋ ಹೊತ್ತಾದ ಮೇಲೆ ಅವಳು ಫೋನು ಎತ್ತಿಕೊಂಡಳು. "ಏನೂ ಆಗ್ಲಿಲ್ಲ ಕಣಣ್ಣ, ಅಳಬ್ಯಾಡ. ನಾಳೆನೂ ಈ ಹೊತ್ತಿಗೇ ಫೋನ್ ಮಾಡ್ತೀಯಾ? ನನಗೂ ಹೆದ್ರಿಕೆ ಆಗ್ತೈತೆ."