ಅರ್ಧಕ್ಕೆ ಇಳಿಸಿದ ನೀರು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಟೈಲರಕ್ಕ ಎಂದೇ. ಟೇಪು ಸದಾ ಕೊರಳಲ್ಲಿ ನೇತಾಡುತ್ತಿದ್ದರೂ ಅದನ್ನು ಕೈಗೆ ತೆಗೆದುಕೊಳ್ಳುವುದು ಅಪರೂಪ. ಬಾಗಿಲಲ್ಲಿ ನಿಂತವರನ್ನು ಒಮ್ಮೆ ನೋಡಿದರೆ ಸಾಕು, ಭುಜ ಇಷ್ಟು, ತೋಳು ಇಷ್ಟು ಎಂದು ಹೇಳಿಬಿಡುವಳು. ಅವಳ ಕಣ್ಣಳತೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

ಹಿತ್ತಲಿನ ಕೈಪಂಪಿನ ನೀರನ್ನೂ ಅವಳು ಆ ಕಣ್ಣಿನಿಂದಲೇ ಅಳೆದಿದ್ದಳು. ಗೋಡೆಯಾಚೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಕಾರ್ಖಾನೆ ಇತ್ತು. ಅದರ ಹೊಗೆಯನ್ನು ಬೈಯುತ್ತಿದ್ದಳೇ ಹೊರತು ನೀರಿನ ಮೇಲೆ ಅನುಮಾನ ಪಟ್ಟವಳಲ್ಲ. ಲೋಟ ಎತ್ತಿ ಬೆಳಕಿಗೆ ಹಿಡಿದರೆ ಒಂದು ಕಸವಿಲ್ಲ, ವಾಸನೆಯಿಲ್ಲ, ರುಚಿಗೂ ಸಿಹಿ.

ಹೋದ ವರ್ಷ ಗಂಡ ತೀರಿಕೊಂಡ. ಮೂತ್ರಪಿಂಡ ಕೈಕೊಟ್ಟಿತ್ತು. ಅವನು ಹಾಸಿಗೆ ಹಿಡಿದ ಎಂಟು ತಿಂಗಳೂ ಅವಳು ಅವನಿಗೆ ಒಂದು ಗುಟುಕು ಹಸಿ ನೀರು ಕೊಡಲಿಲ್ಲ. ಪಾತ್ರೆ ತುಂಬ ನೀರಿಟ್ಟು, ಕುದಿಸಿ ಕುದಿಸಿ ಅರ್ಧಕ್ಕೆ ಇಳಿಸಿ ಆರಿಸಿ ಕುಡಿಸಿದಳು. ಪಾತ್ರೆಯ ಒಳಗೆ ಅರ್ಧದ ಗುರುತಿಗೆ ಗಂಡನೇ ಮೊಳೆಯಿಂದ ಗೀರು ಎಳೆದುಕೊಟ್ಟಿದ್ದ. "ನಿನ್ನ ಕಣ್ಣಳತೆ ರವಿಕೆಗೆ ಇಟ್ಕೋ ಮಾರಾಯ್ತಿ, ಇಲ್ಲಿಗೆ ಈ ಗೀರೇ ಸಾಕು," ಎಂದು ರೇಗಿಸಿದ್ದ.

ಈಗ ಅದೇ ಪಾತ್ರೆ ಮತ್ತೆ ಒಲೆ ಹತ್ತಿತ್ತು. ಆರು ತಿಂಗಳ ಬಸುರಿ ಮಗಳು ಬಂದು ವಾರವಾಗಿತ್ತು. ಅವಳನ್ನು ನೋಡಲು ಆರೋಗ್ಯ ಕೇಂದ್ರದ ನರ್ಸು ಬಂದಳು.

"ಏನಕ್ಕಾ, ಆಗಿಂದ ಕುದೀತಾನೇ ಇದೆ. ಕಲ್ಲು ಬೇಯಿಸ್ತಿದ್ದೀರಾ?"

"ನೀರು ಕಣೇ. ಮಗಳಿಗೆ. ಅರ್ಧಕ್ಕೆ ಇಳಿಸಿದ್ರೆ ಕೆಟ್ಟದ್ದೆಲ್ಲ ಸತ್ತು ಹೋಗುತ್ತೆ."

ನರ್ಸಿನ ನಗು ಅಲ್ಲೇ ನಿಂತಿತು. "ಈ ನೀರನ್ನ ಪರೀಕ್ಷೆ ಮಾಡಿಸಿದ್ದೀರಾ?"

"ನೀರಿಗೆಂಥ ಪರೀಕ್ಷೆ? ಅದೇನು ಸ್ಕೂಲಿಗೆ ಹೋಗುತ್ತಾ?"

ಮಗಳು ನಕ್ಕಳು. ನರ್ಸು ನಗಲಿಲ್ಲ.

"ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಅದು ನಿಜ. ಆದ್ರೆ ಪಕ್ಕದ ಕಾರ್ಖಾನೆ ಸೀಸ ನೆಲಕ್ಕಿಳಿದು ಈ ನೀರಿಗೆ ಸೇರಿದ್ರೆ? ಅದೇನು ಕ್ರಿಮಿನಾ ಅಕ್ಕ, ಸಾಯೋಕೆ? ನೀರು ಆವಿಯಾಗಿ ಹೋಗುತ್ತೆ, ಸೀಸ ಅಲ್ಲೇ ಉಳಿಯುತ್ತೆ. ಉಪ್ಪುನೀರು ಕುದಿಸಿ ನೋಡಿ, ಇಳಿದಷ್ಟೂ ಉಪ್ಪು ಜಾಸ್ತಿ. ಇದೂ ಹಾಗೇ. ಕಣ್ಣಿಗೂ ಕಾಣಲ್ಲ, ನಾಲಿಗೆಗೂ ಸಿಗಲ್ಲ."

ಟೈಲರಕ್ಕ ಅವಳನ್ನೇ ದಿಟ್ಟಿಸಿದಳು. "ನನ್ನ ಗಂಡಂಗೆ ಎಂಟು ತಿಂಗಳು ಇದೇ ಕುಡಿಸಿದ್ದೀನಿ. ವಿಷ ಕೊಟ್ಟೆ ಅಂತೀಯಾ?"

ನರ್ಸು ಕೊತಕೊತ ಕುದಿಯುತ್ತಿದ್ದ ನೀರಿನ ಉರಿ ತಗ್ಗಿಸಿದಳು.

"ಹಾಗನ್ನಲ್ಲ ಅಕ್ಕ. ನೀರು ಚೆನ್ನಾಗೇ ಇರಬಹುದು. ಪರೀಕ್ಷೆ ಮಾಡದೆ ನಾನೂ ಹೇಳೋಕಾಗಲ್ಲ, ನೀವೂ ಹೇಳೋಕಾಗಲ್ಲ. ಆದ್ರೆ ಸೀಸ ಇದ್ರೆ ಹೊಟ್ಟೇಲಿರೋ ಕೂಸಿಗೆ ತೊಂದರೆ."

"ನಂಗೇನೂ ತಿಳ್ಕೊಳ್ಳೋದು ಬೇಡ," ಎಂದವಳೇ ಹೋಗಿ ಹೊಲಿಗೆ ಮಿಷನ್ನಿನ ಮುಂದೆ ಕೂತಳು. ಗಡಗಡ ಗಡಗಡ ತುಳಿಯತೊಡಗಿದಳು.

ಮಗಳು ಹಿಂದೆ ಬಂದು ನಿಂತಳು. "ಅಮ್ಮ, ಸೂಜೀಲಿ ದಾರನೇ ಇಲ್ಲ."

ತುಳಿಯುವ ಕಾಲು ನಿಂತಿತು.

"ಅಪ್ಪನ ವಿಷಯ ನಿಂಗೆ ಬೇಡ, ಸರಿ. ಇದು ನನ್ನ ಮಗೂದು. ನಂಗೆ ಬೇಕು."

ಮರುದಿನ ಬೆಳಿಗ್ಗೆ ನರ್ಸು ನೀರು ಪರೀಕ್ಷೆಯ ಪ್ರಯೋಗಾಲಯದಿಂದ ಶುದ್ಧವಾದ ಬಾಟಲಿ ತಂದಳು. "ಮನೇಲಿರೋ ಹಳೇ ಎಣ್ಣೆ ಬಾಟಲಿ ಆಗಲ್ಲ," ಎಂದಳು. ಐದು ನಿಮಿಷ ಪಂಪು ಹೊಡೆದು ನೀರು ಹರಿಯಬಿಟ್ಟ ಮೇಲೆ ಬಾಟಲಿ ತುಂಬಿದರು. ಮೇಲೆ ಜಾಗ, ತಾರೀಖು ಬರೆದು ಅವತ್ತೇ ತಲುಪಿಸಿದರು. ಜತೆಗೆ ಒಂದು ಮಾತು ಹೇಳಿಬಂದರು: ಪಕ್ಕದಲ್ಲಿ ಬ್ಯಾಟರಿ ಕಾರ್ಖಾನೆ ಇದೆ, ಸೀಸಕ್ಕೂ ನೋಡಿ. ಕೇಳದಿದ್ದರೆ ಬರೀ ಕ್ರಿಮಿ ನೋಡಿ ಕಳಿಸಿಬಿಡಬಹುದು. ವರದಿ ಬರುವವರೆಗೆ, ಪರೀಕ್ಷೆಯಾಗಿದ್ದ ಆಚೆ ಬೀದಿಯ ನಲ್ಲಿಯಿಂದ ನೀರು ಹೊತ್ತರು.

ಹತ್ತು ದಿನಕ್ಕೆ ನರ್ಸು ವರದಿ ತಂದಳು. ಇರಬಹುದಾದ ಮಿತಿಗಿಂತ ನಾಲ್ಕು ಪಟ್ಟು ಸೀಸ.

ಟೈಲರಕ್ಕ ಕಾಗದವನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. "ಅವರು ಇದ್ರಿಂದಾನೇ ಹೋದ್ರಾ?"

"ಗೊತ್ತಿಲ್ಲ ಅಕ್ಕ. ಅವತ್ತು ಯಾರೂ ಪರೀಕ್ಷೆ ಮಾಡಿಸಲಿಲ್ಲ. ಇನ್ನು ಯಾವತ್ತೂ ಗೊತ್ತಾಗಲ್ಲ."

"ನಾನೇ ಕೈಯಾರೆ..." ಎಂದಳು. ಮಗಳು ತಾಯಿಯ ಕೈ ಹಿಡಿದುಕೊಂಡು ಕೂತಳು. ಮಗಳ ರಕ್ತವನ್ನೂ ಪರೀಕ್ಷೆಗೆ ಕೊಟ್ಟಾಯಿತು. ಬಸುರಲ್ಲಿ ಒಂದೇ ವಾರ ಕುಡಿದದ್ದು, ಬೇಗ ತಿಳಿದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು.

ಪಾತ್ರೆ ಬಿಸಾಡಲು ಟೈಲರಕ್ಕನಿಗೆ ಕೈ ಬರಲಿಲ್ಲ. ಒಳಗೆ ಗಂಡನ ಕೈಯ ಗೀರಿತ್ತು. ಯಾರೂ ಆ ನೀರು ಹಿಡಿಯದಿರಲೆಂದು ಅದನ್ನೇ ಪಂಪಿನ ಮೂತಿಗೆ ಕವುಚಿ ಕಟ್ಟಿದಳು. ಆಮೇಲೆ ವರದಿ ಹಿಡಿದು ಬೀದಿಯ ಮನೆಮನೆಗೂ ಹೋದಳು. "ಬಟ್ಟೆ ಅಳತೆ ನಂಗೆ ಬಿಡಿ. ನೀರಿನ ವಿಷಯ ಕಣ್ಣಿಗೆ ಬಿಡಬೇಡಿ, ನಾನು ಬಿಟ್ಟು ಕೆಟ್ಟೆ," ಎಂದಳು.

ಈ ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹತ್ತಿರವೂ ಕಾರ್ಖಾನೆ ಇದೆಯೇ? ಬಾವಿಯದಿರಲಿ, ಬೋರ್‌ವೆಲ್ಲಿನದಿರಲಿ, ನೀರು ಎಷ್ಟೇ ತಿಳಿಯಾಗಿರಲಿ, ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿ. ಅಲ್ಲಿ ಏನು ತಯಾರಾಗುತ್ತದೆ ಎಂದು ಪ್ರಯೋಗಾಲಯದವರಿಗೆ ತಿಳಿಸಿ. ಕುದಿಸಿದ್ದೇವಲ್ಲ ಎಂದು ಸುಮ್ಮನಿರಬೇಡಿ. ಎಲ್ಲಿ ಕೊಡುವುದೆಂದು ತಿಳಿಯದಿದ್ದರೆ ಆರೋಗ್ಯ ಕೇಂದ್ರದಲ್ಲಿ ಕೇಳಿ. ಟೈಲರಕ್ಕನಿಗೆ ಸಿಗದೇ ಹೋದ ಉತ್ತರ ನಿಮಗೆ ಸಿಗಲಿ, ಲೋಟ ತುಟಿಗೆ ಮುಟ್ಟುವ ಮೊದಲೇ.