ಗುಬ್ಬಿಯ ನಾಲ್ಕು

ಸಿಟಿ ಸ್ಕ್ಯಾನ್ ಕೋಣೆಯ ಅಕ್ಕನಿಗೆ ಬಾಯಿ ಸ್ವಲ್ಪ ಜಾಸ್ತಿ. ಮಕ್ಕಳ ತಾಯಂದಿರು ವಿಕಿರಣ ಅಂತ ಗಾಬರಿಯಾದರೆ ಸಾಕು, ಯಂತ್ರದ ಪರದೆಯಲ್ಲಿ ವಿಕಿರಣದ ಅಂಕಿ ತೋರಿಸಿ, "ನೋಡಿ, ಬರೀ ನಾಲ್ಕು! ಇಷ್ಟಕ್ಕೆಲ್ಲ ಹೆದರೋದಾ?" ಅಂತ ಬೆನ್ನು ತಟ್ಟಿ ಕಳಿಸುತ್ತಿದ್ದಳು. ಹತ್ತು ವರ್ಷದಿಂದ ಅದೇ ಪಾಠ.

ಮೊನ್ನೆ ಯಂತ್ರ ತಪಾಸಣೆಗೆ ಬಂದ ತಜ್ಞರು ಆ ಪಾಠಕ್ಕೆ ಕಲ್ಲು ಹಾಕಿದರು. ಪರದೆಯ ಅಂಕಿ ಮಗುವಿನದಲ್ಲವಂತೆ! ಯಂತ್ರದ ಪರೀಕ್ಷೆಗೆ ಮನುಷ್ಯರ ಬದಲು ಇಡುತ್ತಾರಲ್ಲ, ಆ ದಪ್ಪ ಪ್ಲಾಸ್ಟಿಕ್ ದಿಂಡಿನದಂತೆ. ಅಷ್ಟೇ ಕಿರಣ ಬಿಟ್ಟರೂ ಸಣ್ಣ ಮೈಗೆ ಜಾಸ್ತಿ ತಾಗುತ್ತದೆ. ಎದೆಯಿಂದ ಬೆನ್ನಿಗೆ, ಪಕ್ಕದಿಂದ ಪಕ್ಕಕ್ಕೆ ಮಗುವನ್ನು ಅಳೆದು, ಕೋಷ್ಟಕ ನೋಡಿ ಪರದೆಯ ಅಂಕಿಯನ್ನು ಗುಣಿಸಬೇಕು.

ಇವತ್ತು ಬಂದವಳು ಗುಬ್ಬಿ. ವಯಸ್ಸು ಒಂಬತ್ತು, ಮೈ ನೋಡಿದರೆ ಆರು. ಶ್ವಾಸಕೋಶದ ತೊಂದರೆಗೆ ಎರಡನೇ ಸ್ಕ್ಯಾನು.

"ಈ ಸಲ ಇನ್ನೂ ಕಮ್ಮಿ ಮಾಡ್ತೀನಿ ಅಂದಿದ್ರಿ," ಅಂತ ಅವಳ ಅಮ್ಮ ನೆನಪಿಸಿದಳು.

ಅಕ್ಕ ಅಳೆದಳು, ಗುಣಿಸಿದಳು, ಡಾಕ್ಟರನ್ನು ಕೇಳಿ ಕಿರಣ ತಗ್ಗಿಸಿದಳು.

"ಉಸಿರು ಹಿಡ್ಕೋ ಪುಟ್ಟಾ."

"ಹಿಡ್ಕೊಂಡು ಎಲ್ಲಿಡ್ಲಿ?"

ನಗು ತಡೆದು ಗುಂಡಿ ಒತ್ತಿದಳು. ಚಿತ್ರ ಚೆನ್ನಾಗಿಯೇ ಬಂತು. ಪರದೆಯಲ್ಲಿ ಎರಡು. ಅಮ್ಮ ಬಂದು ಇಣುಕಿದಳು.

"ಅಯ್ಯೋ, ನಾಲ್ಕು ಇದ್ದದ್ದು ಎರಡಾಯ್ತು! ನಿಮ್ಮ ಕೈಗುಣಾನೇ ಕೈಗುಣ ಅಕ್ಕಾ!"

ಹೂಂ ಅಂದುಬಿಟ್ಟಿದ್ದರೆ ಮುಗಿದೇಹೋಗುತ್ತಿತ್ತು. ಯಾರು ಕೇಳುತ್ತಿದ್ದರು? ಆದರೆ ಅಕ್ಕ ಗುಣಿಸಿ ಬರೆದ ಚೀಟಿಯನ್ನು ಅಮ್ಮನ ಮುಂದಿಟ್ಟಳು.

"ಎರಡಲ್ಲಮ್ಮಾ. ಗುಬ್ಬಿ ಮೈಯಳತೆಗೆ ಇದು ನಾಲ್ಕು. ಹೋದ ಸಲ ನಾಲ್ಕು ಅಂದಿದ್ನಲ್ಲ, ಅದು ಎಂಟು. ನಂಗೆ ಗೊತ್ತಿರ್ಲಿಲ್ಲ. ತಪ್ಪು ನಂದೇ."

ಅಮ್ಮನ ಮುಖ ಸಪ್ಪಗಾಯಿತು. "ಎಂಟು ಅಂದ್ರೆ... ಅವಳಿಗೆ ಏನಾದ್ರೂ?"

"ಆ ಸ್ಕ್ಯಾನು ಬೇಕೇ ಬೇಕಿತ್ತು, ಎಂಟೂ ಹೆದರೋ ಅಂಥದ್ದಲ್ಲ ಅಂತಾರೆ ಡಾಕ್ಟರು. ಅವರನ್ನೇ ಕೇಳಿ, ಕರೀತೀನಿ. ಆದ್ರೆ ನಾನು ಹೇಳಿದ್ದು ಸುಳ್ಳಾಯ್ತಲ್ಲ."

ಅಮ್ಮ ಡಾಕ್ಟರ ಹತ್ತಿರ ಹೋಗಿ ಮಾತಾಡಿ ಬಂದಳು. ಬೈಯಲಿಲ್ಲ, ಕೂಗಾಡಲಿಲ್ಲ. ಮಗಳಿಗೆ ಚಪ್ಪಲಿ ಹಾಕಿಸಿ, ಬಾಗಿಲ ತನಕ ಹೋದವಳು ತಿರುಗಿ ನಿಂತಳು.

"ನಂಗೆ ಹೇಳಿದ್ರಿ, ಒಳ್ಳೇದಾಯ್ತು. ಉಳಿದ ಅಮ್ಮಂದಿರಿಗೆ?"

ಅವರು ಹೋದ ಮೇಲೆ ಅಕ್ಕ ಕುರ್ಚಿ ಎಳೆದುಕೊಂಡು ಕೂತು, ಸ್ಕ್ಯಾನಿಗೆ ಬಂದಿದ್ದ ಮಕ್ಕಳ ಹಳೆಯ ಪಟ್ಟಿ ತೆರೆದಳು. ಮೊದಲ ಹೆಸರಿನ ಮುಂದಿದ್ದ ನಂಬರಿಗೆ ಫೋನು ಹಚ್ಚಿದಳು.