ಮಸ್ತಾನಸಾಬನ ಹೆಬ್ಬೆಟ್ಟು

"ಒತ್ತಿ ಹಿಡೀರಿ ಶಹಬಾಜ್ ಭಾಯ್, ಇನ್ನೊಂದ್ ಸಲ," ಎಂದಳು ನಂದಿನಿ.

ಶಹಬಾಜ ಕಫನದ ಅಂಚು ಸರಿಸಿ, ಸತ್ತ ಅಣ್ಣ ಮಸ್ತಾನಸಾಬನ ಹೆಬ್ಬೆರಳನ್ನು ಅವನದೇ ಮೊಬೈಲಿನ ಮೇಲೆ ಒತ್ತಿದ. ಅವನಿಗಿದ್ದದ್ದು ಒಂದೇ ಕೈ. ಇನ್ನೊಂದು ಮೊಣಕೈವರೆಗೆ ತೊಗರಿ ಒಕ್ಕುವ ರಾಶಿ ಮಷಿನ್ನಿನ ಪಾಲಾಗಿ ವರ್ಷಗಳೇ ಆಗಿದ್ದವು. ಹಾಗಾಗಿ ಮೊಬೈಲನ್ನು ನಂದಿನಿಯೇ ಹಿಡಿದುಕೊಂಡಿದ್ದಳು. ಕರ್ಪೂರದ ವಾಸನೆ ಮೂಗಿಗೆ ಅಡರುತ್ತಿತ್ತು. ಗುರುತು ಸಿಗಲಿಲ್ಲ ಎಂದು ತೋರಿಸಿ ಪರದೆ ಕಪ್ಪಾಯಿತು.

"ಸಾಕು ಬಿಡವ್ವಾ," ಎಂದ ಶಹಬಾಜ. "ಜೀವ ಹೋದ ಮ್ಯಾಲೂ ಡ್ಯೂಟಿ ಮಾಡಸ್ತೀರೇನು? ಮಧ್ಯಾಹ್ನದ ಜೋಹರ್ ನಮಾಜ್ ಆದ ಕೂಡ್ಲೇ ಜನಾಜ ಎತ್ತಬೇಕು."

ಭೂಮಿ ಬಾಯಿ ತೆರೆದು ನುಂಗಬಾರದೇ ಎನಿಸಿತು ನಂದಿನಿಗೆ. ಸತ್ತವರ ಮನೆಗೆ ಜನ ಅಳಲಿಕ್ಕೆ ಬರುತ್ತಾರೆ, ಇವಳು ಬೆರಳು ಕೇಳಲಿಕ್ಕೆ ಬಂದಿದ್ದಳು. ಉರಿಯುವ ಮನೆಯ ಗಳ ಹಿರಿಯುವುದೆಂದರೆ ಇದೇ ಅಲ್ಲವೇ? ಆದರೆ ಅವಳೇನು ಮಾಡಿಯಾಳು! ಕಳಿಸಿದವನು ಸಾವುಕಾರ ಗುರಣ್ಣ. ಕಡೇಚೂರಿನಲ್ಲಿ ರಾಶಿ ಮಷಿನ್ ತಯಾರಿಸುವ ಶೆಡ್ಡು ಅವನದು. ಹೊಸ ಮಷಿನ್ನಿನ ನಕ್ಷೆಗಳೆಲ್ಲ ಕಂಪ್ಯೂಟರಿನ ಡಿಸೈನ್ ಸಾಫ್ಟ್‌ವೇರಿನಲ್ಲಿದ್ದವು, ಅದರ ಖಾತೆ ಮಸ್ತಾನಸಾಬನ ಹೆಸರಿನಲ್ಲಿತ್ತು. ಖಾತೆ ತೆರೆಯಬೇಕಾದರೆ ಅವನ ಮೊಬೈಲಿನಲ್ಲೇ 'ಹೌದು, ನಾನೇ' ಎಂಬ ಗುಂಡಿ ಒತ್ತಬೇಕು. ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೆ ನಡೆಯದು. ನಿನ್ನೆ ಎಂದಿನಂತೆ ಖಾತೆ ಮುಚ್ಚಿ ಶಹಾಪುರದ ಈ ಮನೆಗೆ ಬಂದು ಉಂಡು ಮಲಗಿದ ಮಸ್ತಾನಸಾಬ ಮುಂಜಾನೆ ಏಳಲಿಲ್ಲ.

"ಮಣ್ಣಾಗೂದ್ರಾಗ ಆ ಫೋನ್ ತಗಸು," ಎಂದಿದ್ದ ಗುರಣ್ಣ. "ನಾಳಿ ಹೈದರಾಬಾದ್ ಪಾರ್ಟಿ ಬರ್ತದ. ನಕ್ಷಾ ತೋರಸಲಿಲ್ಲಂದ್ರ ಆರ್ಡರ್ ಹೋತು. ಶೆಡ್ಡಿನ ಕದ ಹಾಕ್ತೀನಿ, ನೀನೂ ಮನ್ಯಾಗ ಕುಂದ್ರು."

ಸುರಪುರದ ಮನೆಯ ಒಲೆ ನಂದಿನಿಯ ಪಗಾರದ ಮೇಲೆಯೇ ಉರಿಯುತ್ತಿತ್ತು. ಬಸ್ಸು ಹತ್ತಿ ಬಂದಿದ್ದಳು.

*

ಮಸ್ತಾನಸಾಬ ಮೊದಲು ಆ ಶೆಡ್ಡಿನಲ್ಲಿ ವೆಲ್ಡರ್ ಆಗಿದ್ದ. ಆಗೆಲ್ಲ ತಗಡು ಕತ್ತರಿಸುವುದು, ಜೋಡಿಸುವುದು, ಸರಿಯಾಗದಿದ್ದರೆ ಬಡಿದು ಬಿಚ್ಚುವುದು. ಅರ್ಧ ತಗಡು ಗುಜರಿಗೇ ಹೋಗುತ್ತಿತ್ತು. ವೆಲ್ಡಿಂಗಿನ ಬೆಳಕಿಗೆ ಕಣ್ಣು ಸೋತಾಗ ಗುರಣ್ಣ ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, "ಇವಗ ಕಲಸು," ಎಂದು ಡಿಪ್ಲೊಮಾ ಓದಿದ್ದ ನಂದಿನಿಗೆ ಒಪ್ಪಿಸಿದ್ದ.

ಮಹಾರಾಯ ಮೌಸನ್ನು ಸುತ್ತಿಗೆ ಹಿಡಿದಂತೆ ಹಿಡಿಯುತ್ತಿದ್ದ. ಒಮ್ಮೆ ಗಾಳಿ ಚಕ್ರವನ್ನು ತಿರುವುಮುರುವು ಬರೆದು, ಹೊಟ್ಟು ಹೊರಗೆ ತೂರಬೇಕಾದ ಮಷಿನ್ನು ಒಳಗೇ ಎಳೆದುಕೊಳ್ಳುವಂತೆ ಮಾಡಿದ್ದ. ಶೆಡ್ಡಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ಆಮೇಲೆ ಪರದೆಯ ಮೇಲಿನ ಮಷಿನ್ನಿನ ಬಾಯಿಗೆ ಬೆರಳಿಟ್ಟ.

"ಇಲ್ಲಿ ತಪ್ಪಿದ್ರ ಯಾರ ಕೈನೂ ಹೋಗಂಗಿಲ್ಲ ನೋಡು ಬೇಟಿ," ಎಂದ.

ಅಂದಿನಿಂದ ಅವನಿಗೆ ಒಂದೇ ಹುಚ್ಚು. ಮಷಿನ್ನಿನ ಬಾಯಿ ಹೇಗಿರಬೇಕೆಂದರೆ ತೊಗರಿ ಕಟ್ಟಿಗೆ ಒಳಗೆ ಹೋಗಬೇಕು, ಕೈ ಮಾತ್ರ ಹಲ್ಲಿಗೆ ಮುಟ್ಟಬಾರದು. ಪರದೆಯ ಮೇಲೊಂದು ಕೈ ಬರೆಸಿದ.

"ಯಾರ ಕೈ ಅಳತಿ ಹಾಕ್ಲಿ ಚಾಚಾ?"

"ಶಹಬಾಜಂದು. ಒಂದ್ ಉಳದದಲ್ಲ, ಅದನ್ನ ಅಳಕೊಂಡು ಬಂದೀನಿ."

ಆ ಕೈಯನ್ನು ಮಷಿನ್ನಿನ ಬಾಯಿಗೆ ಮತ್ತೆ ಮತ್ತೆ ತುರುಕಿ ನೋಡುತ್ತಿದ್ದರು. ಹಲ್ಲಿಗೆ ತಗುಲಿದರೆ ಪರದೆಯ ಮೇಲಿನ ಬೆರಳು ಕೆಂಪಾಗುತ್ತಿತ್ತು, ಮಸ್ತಾನಸಾಬ ಲೊಚಗುಟ್ಟುತ್ತಿದ್ದ. ಬಾಯಿ ಉದ್ದ ಮಾಡಿದರು, ಓರೆ ಮಾಡಿದರು, ಒಳಗೊಂದು ತಿರುವು ಕೊಟ್ಟರು. ತಗಡಿನಲ್ಲಾದರೆ ಇಷ್ಟು ಸಲ ಮಾಡಿ ನೋಡಲು ಯಾವ ಸಾವುಕಾರ ಬಿಟ್ಟಾನು? ಕಡೆಗೊಂದು ದಿನ ಬೆರಳು ಕೆಂಪಾಗಲಿಲ್ಲ. ಆವತ್ತು ಅವನು ಶೆಡ್ಡಿಗೆಲ್ಲ ಸುಸಲಾ, ಮಿರ್ಚಿ ತಿನ್ನಿಸಿದ.

*

"ಆ ಬೆರಳು ಒತ್ತಿದ್ರ ಅದು ತಗಿಯಂಗಿಲ್ಲ ಬೇಟಿ."

ಒಳಮನೆಯ ಬಾಗಿಲಲ್ಲಿ ಮಸ್ತಾನಸಾಬನ ಹೆಂಡತಿ ಜೈತುನಬೀ ನಿಂತಿದ್ದಳು. ಅತ್ತು ಅತ್ತು ದನಿ ಒಡೆದಿತ್ತು.

"ಸುಟ್ಟು ಸುಟ್ಟು ಅವರ ಬೆರಳಾಗ ಗೆರಿನೇ ಉಳದಿರಲಿಲ್ಲ. ರೇಷನ್ ಅಂಗಡಿ ಮಷಿನ್ನೂ ಅವರ ಗುರ್ತ ಹಿಡೀತಿರಲಿಲ್ಲ. ಆ ಫೋನಿಗಿ ಕೊಟ್ಟದ್ದು ನನ್ನ ಹೆಬ್ಬಟ್ಟು. ಮನ್ಯಾಗಿದ್ರ, ಜೈತುನ್ ತಗದು ಕೊಡು ಅಂತಿದ್ರು. ಕಾರ್ಖಾನ್ಯಾಗ ನಂಬರ್ ಹೊಡ್ಕೊಂತಿದ್ರು. ಆ ನಂಬರ್ ಅವರ ಜೋಡಿನೇ ಹೋತು."

ನಂದಿನಿ ತಲೆ ತಗ್ಗಿಸಿದಳು. ಸತ್ತವನ ಕೈಯನ್ನು ಸುಮ್ಮಸುಮ್ಮನೆ ಎಳೆದಾಡಿಸಿದ್ದಾಗಿತ್ತು.

"ಕೊಡಬ್ಯಾಡ ಭಾಬಿ," ಎಂದ ಶಹಬಾಜ. "ಸಾವುಕಾರ್ಗ ಒಂದ್ ಹಿಡಿ ಮಣ್ಣು ಹಾಕಾಕ ಪುರಸೊತ್ತಿಲ್ಲ, ನಕ್ಷಾ ಬೇಕಂತ ನಕ್ಷಾ!"

ಜೈತುನಬೀ ಮೈದುನನ ಖಾಲಿ ತೋಳನ್ನು ನೋಡಿದಳು.

"ನಿನ್ನ ಸಲುವಾಗಿ ಹಗಲೂ ರಾತ್ರಿ ಅದನ್ನೇ ಜಪಾ ಮಾಡ್ಯಾರಪ್ಪ. ಅದನ್ನೂ ಅವರ ಜೋಡಿ ಹುಗೀಲೇನು? ಇಲ್ಲಿ ಕೊಡವ್ವಾ."

ಕಣ್ಣೀರಿಗೆ ತೊಯ್ದ ಬೆರಳನ್ನು ಮೊಬೈಲು ಒಪ್ಪಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ತೆರೆಯಿತು.

ನಂದಿನಿ ತನ್ನ ಫೋನಿನಿಂದ ಗುರಣ್ಣನಿಗೆ ಕರೆ ಮಾಡಿದಳು. ಅವನು ಅಲ್ಲಿ ಕಂಪ್ಯೂಟರಿನಲ್ಲಿ ಏನೋ ಒತ್ತಿದ, ಇಲ್ಲಿ ಮೊಬೈಲಿನ ಮೇಲೆ ಇಂಗ್ಲಿಷಿನ ಪ್ರಶ್ನೆ ಮೂಡಿತು.

"ಇಲ್ಲಿ ಒತ್ರಿ ಚಾಚಿ."

"ಏನಂತ ಬರದದ?"

"ಹೌದು, ನಾನೇ ಅಂತ."

ಜೈತುನಬೀಯ ಬೆರಳು ಗಾಳಿಯಲ್ಲೇ ನಿಂತಿತು. "ಅವರಾಗಿ ನಾ ಒತ್ತಲೇನು?"

"ಹೂಂನ್ರಿ."

ಒತ್ತಿದಳು.

"ಬಂತು, ಬಂತು! ಶಾಬಾಸ್!" ಗುರಣ್ಣನ ದನಿ ಕಿವಿಗಡಚಿಕ್ಕಿತು.

"ಸಾವುಕಾರ್ರೀ, ಚಾಚಿ ಇಲ್ಲೇ ಅದಾರ. ಒಂದ್ ಮಾತು ಆಡ್ರಿ..."

ಫೋನು ಕಟ್ ಆಯಿತು. ನಂದಿನಿಯ ಕೆಲಸ ಉಳಿಯಿತು, ನಿಜ. ಇಂಥ ಕೆಲಸ!

ಹೊರಗೆ ನಮಾಜ್ ಮುಗಿಸಿ ಬಂದ ಗಂಡಸರು ಕಲ್ಮಾ ಹೇಳುತ್ತ ಜನಾಜ ಎತ್ತಿದರು. ಶಹಬಾಜ ತನ್ನ ಒಂದೇ ಕೈಯನ್ನು ಮೇಲಕ್ಕೆ ಹಿಡಿದು ಹೆಗಲು ಕೊಟ್ಟ. ಒಳಗೆ ಹೆಂಗಸರು ಗೊಳೋ ಎಂದರು. ಅದೇ ಹೊತ್ತಿಗೆ ಮಸ್ತಾನಸಾಬನ ಮೊಬೈಲು ಟಿಣ್ ಎಂದಿತು. ನಂದಿನಿ ಓದಿದಳು. ಖಾತೆ ಗುರಣ್ಣನ ಹೆಸರಿಗಾಗಿತ್ತು. ಮಸ್ತಾನಸಾಬ ಎಂಬವರನ್ನು ಕಂಪನಿಯಿಂದ ತೆಗೆದುಹಾಕಲಾಗಿದೆ, ಇನ್ನು ಮುಂದೆ ಯಾವ ನಕ್ಷೆಯನ್ನೂ ಅವರು ನೋಡುವಂತಿಲ್ಲ ಎಂದಿತ್ತು.

"ಸಾವುಕಾರ್ರೇನು? ಏನ್ ಬರದಾರವ್ವಾ?" ಜೈತುನಬೀ ಆಸೆಯಿಂದ ಕೇಳಿದಳು.

"ಚಾಚಾನ ಹೆಸರು ಬರದಾರ್ರಿ," ಎಂದಳು ನಂದಿನಿ.

"ಪೂರಾ ಹೆಸರೇನು?"

"ಪೂರಾ."

"ಎಲ್ಲಿ?"

ನಂದಿನಿ ಬೆರಳಿಟ್ಟು ತೋರಿಸಿದಳು. ಜೈತುನಬೀ ಮೊಬೈಲನ್ನು ಎರಡೂ ಕೈಯಲ್ಲಿ ಎತ್ತಿ, ಮೊದಲು ಬಲಗಣ್ಣಿಗೆ, ಆಮೇಲೆ ಎಡಗಣ್ಣಿಗೆ ಒತ್ತಿಕೊಂಡಳು.